ವಜ್ರಕವಚ ದಳ ಮತ್ತು ಕ್ರಾಸಿನ ಬಸ್ಸು

ನನ್ನನ್ನು ಕೊಲ್ಲಬೇಕೆಂದು ಈ ಭೂಮಿಯ ಮೇಲೆ ಒಬ್ಬನೂ ಹೊಂಚು ಹಾಕಿ ಕೂತಿಲ್ಲ ಎಂಬ ಸಂಗತಿ ನೆನಪಾದಾಗಲೆಲ್ಲ ನನಗೆ ತುಸು ಬೇಜಾರಾಗುತ್ತದೆ. ಹುಮನಾಬಾದಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ತಲೆ ನೆರೆಯಿತು. ಎಷ್ಟೋ ಮಂದಿಯನ್ನು ನಪಾಸು ಮಾಡಿದ್ದೇನೆ, ಒಂದಿಬ್ಬರು ಬೀಗರ ಮನಸ್ಸನ್ನೂ ಮುರಿದಿದ್ದೇನೆ. ಆದರೂ ಹೇಳಿಕೊಳ್ಳುವಂಥ ಒಬ್ಬ ವೈರಿಯನ್ನು ಗಳಿಸಲಾಗಲಿಲ್ಲ. ಸಂಜೆ ನನ್ನೂರು ಬಸವಕಲ್ಯಾಣದ ಕೋಟೆಯ ಕಡೆಯಿಂದ ಕೊತ್ತಂಬರಿ ಸೂಡು ಹಿಡಿದು ಮನೆಗೆ ನಡೆದರೆ ನನ್ನ ಬೆನ್ನ ಹಿಂದೆ ಬರುವುದು ಒಂದು ಆಡು ಮಾತ್ರ, ಅದರ ಆಸಕ್ತಿಯೂ ನನ್ನ ಪ್ರಾಣದಲ್ಲಿ ಇರುವುದಿಲ್ಲ. ಅಂಗರಕ್ಷಕರು ಬೇಕೆಂದರೆ ಮೊದಲು ಅಂಗಕ್ಕೆ ಬೆಲೆ ಬರಬೇಕು ತಾನೆ?

ಬೆಲೆ ಬಂದವರನ್ನು ನೀವೂ ನೋಡಿರುತ್ತೀರಿ. ನಮ್ಮ ಕಡೆ ಧುರೀಣರ ತೂಕ ಗೊತ್ತಾಗುವುದು ಅವರ ಮಾತಿನಿಂದಲ್ಲ, ಸುತ್ತ ನಿಂತವರ ಮೈಕಟ್ಟಿನಿಂದ. ಸಫಾರಿ ಅಂಗಿ, ಕಪ್ಪು ಕನ್ನಡಕ, ಕಿವಿಯಲ್ಲೊಂದು ಸುರುಳಿ ವೈರು. ಆ ವೈರಿನ ಇನ್ನೊಂದು ತುದಿ ಎಲ್ಲಿಗೂ ಹೋಗುವುದಿಲ್ಲ, ಜೇಬಿನಲ್ಲೇ ಮುಗಿಯುತ್ತದೆ ಎಂದು ನನಗೆ ಗುಮಾನಿ. ಮದುವೆಗೆ ಬಂದರೆ ಇವರು ಅಕ್ಷತೆ ಹಾಕುವವರನ್ನು ತಳ್ಳುತ್ತಾರೆ, ಮಣ್ಣಿಗೆ ಬಂದರೆ ಹೆಣ ಹೊತ್ತವರನ್ನು ತಳ್ಳುತ್ತಾರೆ. ನಡುವೆ ಕೈಮುಗಿಯುತ್ತ ಬರುವ ಧುರೀಣರೋ, ಪಾಪ, ಬೆಳಿಗ್ಗೆ ಎದುರು ಪಕ್ಷದವರ ಮನೆಯಲ್ಲಿ ಸುಸಲಾ ತಿಂದು, ಮಧ್ಯಾಹ್ನ ಮೈಕಿನಲ್ಲಿ ಅವರನ್ನೇ ಬೈದು, ಸಂಜೆ ಅವರ ಜೊತೆಗೇ ಬೀಗತನದ ಮಾತು ಆಡುವವರು. ಇಂಥವರನ್ನು ಕೊಂದು ಯಾರಿಗೆ ಏನು ಲಾಭ?

ಹಾಗಾದರೆ ಈ ಗಟ್ಟಿ ಆಳುಗಳು ಅವರನ್ನು ಕಾಯುವುದು ಯಾರಿಂದ? ಬಹಳ ದಿನ ನನಗೆ ಇದು ಬಗೆಹರಿದಿರಲಿಲ್ಲ. ಗುಂಡು ಹಾರಿಸುವವನಿಗೆ ಹತ್ತಿರ ಬರುವ ದರಕಾರಿಲ್ಲ, ದೂರದ ಮಾಳಿಗೆಯೇ ಸಾಕು. ಹತ್ತಿರ ಬಂದೇ ತೀರಬೇಕಾದವನೆಂದರೆ ಏನಾದರೂ ಕೇಳುವವನು. ನಲ್ಲಿಗೆ ನೀರಿಲ್ಲ ಎನ್ನುವವನು, ಸಾಲೆಗೆ ಮಾಸ್ತರಿಲ್ಲ ಎನ್ನುವವಳು. ಅಂಗರಕ್ಷಣೆಯೆಂದು ನಾವು ಕರೆಯುವುದು ನಿಜವಾಗಿ ಬರೀ ಕಿವಿಯ ರಕ್ಷಣೆ. ಇದು ಗೊತ್ತಾದ ಮೇಲೆ ಸಫಾರಿಯವರ ಮೇಲೆ ನನಗಿದ್ದ ಹೆದರಿಕೆ ಹೋಗಿ ಕುತೂಹಲ ಶುರುವಾಯಿತು.

ಹಿಂದೆ ಹೀಗಿರಲಿಲ್ಲವಂತೆ. ನಮ್ಮ ಕಲ್ಯಾಣವೇ ರಾಜಧಾನಿಯಾಗಿದ್ದ ಕಾಲದ ಕಡೆ ಹೋದರೆ ಲೆಂಕರು, ವೇಳೆವಾಳಿಗಳು ಎಂಬ ಮಂದಿ ಸಿಗುತ್ತಾರೆ. ಧಣಿ ಇರುವತನಕ ಇರುತ್ತೇವೆ, ಅವನು ಸತ್ತ ದಿನ ನಾವೂ ಸಾಯುತ್ತೇವೆ ಎಂದು ಭಾಷೆ ಕೊಟ್ಟವರು. ಕೊಟ್ಟಂತೆ ನಡೆದವರಿಗೆ ಕಲ್ಲು ನಿಲ್ಲಿಸುತ್ತಿದ್ದರು. ಈಗಿನವರ ಭಾಷೆಯ ಅವಧಿ ಮುಂದಿನ ಚುನಾವಣೆಯವರೆಗೆ. ಧಣಿ ಸೋತ ದಿನ ಇವರು ಸಾಯುವುದಿಲ್ಲ, ಗೆದ್ದವರ ಜೀಪು ಹತ್ತುತ್ತಾರೆ. ನಾರಾಯಣಪುರದಂಥ ಊರುಗಳ ಹಳೆಯ ಶಿವಾಲಯಗಳಿಗೆ ಹೋದಾಗ ನನಗೆ ಬಾಗಿಲಲ್ಲಿ ನಿಲ್ಲುವ ದ್ವಾರಪಾಲಕರ ಮೇಲೆ ಅಭಿಮಾನ ಉಕ್ಕುತ್ತದೆ. ಗದೆ ಇದೆ, ಕೋರೆಹಲ್ಲಿದೆ, ಕಣ್ಣು ಕೆಂಡದಂತೆ ತೆರೆದಿದೆ. ಆದರೆ ಇಷ್ಟು ಶತಮಾನಗಳಲ್ಲಿ ಒಬ್ಬ ಮುದುಕಿಗೂ ಅವರು ಹಿಂದೆ ಸರಿ ಅಂದಿಲ್ಲ. ಅದಕ್ಕಾಗಿಯೇ ನಮ್ಮ ಹಿರಿಯರು ಆ ಕೆಲಸಕ್ಕೆ ಕಲ್ಲನ್ನು ನೇಮಿಸಿದರೆಂದು ಕಾಣುತ್ತದೆ.

ಈ ವಿದ್ವತ್ತೆಲ್ಲ ನನಗೆ ಹತ್ತಿದ್ದು ಎದೆಯ ಮೇಲೆ ಒಂದು ಕೈ ಬಿದ್ದ ನಂತರ. ಸಂಗತಿ ಹೀಗೆ. ನನ್ನ ಕ್ಲಾಸಿನಲ್ಲಿ ಶ್ರೀದೇವಿ ಎಂಬ ಹುಡುಗಿ ಇದ್ದಾಳೆ. ನಾನು ಹೇಳಿದ್ದನ್ನು ಕೇಳಿಸಿಕೊಂಡು, ಸುಮ್ಮನಿರದೆ ಯಾಕೆಂದು ಕೇಳುವವಳು ಅವಳೊಬ್ಬಳೇ. ಅವಳ ಊರು ರಾಜೇಶ್ವರದ ಆಚೆ ಹೆದ್ದಾರಿಯಿಂದ ಒಳಗಿದೆ. ಊರಿನ ಕ್ರಾಸಿನಲ್ಲಿ ಬಸ್ಸು ನಿಲ್ಲುವುದಿಲ್ಲ. ಕೈ ಮಾಡಿದರೆ ಡ್ರೈವರ್ ಕೂಡ ಕೈ ಮಾಡಿ ಹೋಗುತ್ತಾನೆ. ಹೀಗಾಗಿ ಆ ಊರಿನ ಹುಡುಗಿಯರು ಲಾರಿಗಳ ಗಾಳಿಗೆ ದುಪಟ್ಟಾ ಹಿಡಿದುಕೊಂಡು ರಾಜೇಶ್ವರದವರೆಗೆ ನಡೆದು ಬಂದು ಬಸ್ಸು ಹಿಡಿಯಬೇಕು. ಒಬ್ಬೊಬ್ಬರೇ ಕಾಲೇಜು ಬಿಡುತ್ತ ಬಂದರು. ಶ್ರೀದೇವಿಯ ತಾಯಿಯೂ ಹೇಳಿಬಿಟ್ಟಿದ್ದಳಂತೆ: ಈ ದೀಪಾವಳಿಯೊಳಗೆ ಬಸ್ಸು ನಿಂತರೆ ಕಾಲೇಜು, ಇಲ್ಲದಿದ್ದರೆ ಮನೆ. ಮನೆಯೆಂದರೆ ಮದುವೆ ಎಂದು ನಾವು ತಿಳಿದುಕೊಳ್ಳಬೇಕು.

ಬಸ್ಸು ನಿಲ್ಲಿಸುವ ಶಕ್ತಿಯಿದ್ದ ಒಬ್ಬ ಧುರೀಣರು ನಮ್ಮ ಭಾಗದಲ್ಲಿದ್ದಾರೆ. ಎಲ್ಲರೂ ಸಾಹೇಬರು ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ. ಒಂದು ದಿನ ಹುಮನಾಬಾದಿನ ಬಜಾರದಲ್ಲಿ ಅವರು ಜೀಪಿನಿಂದ ಇಳಿದದ್ದು ಕಂಡು, ಕೊರಳ ಗುಂಡಿ ಹಾಕಿಕೊಂಡು ಮುಂದೆ ಹೋದೆ. ಬಾಯಿ ತೆರೆಯುವ ಮೊದಲೇ ಮೊರದಷ್ಟು ಅಗಲದ ಒಂದು ಅಂಗೈ ನನ್ನ ಎದೆಯ ಮೇಲೆ ಬಂದು ಕೂತಿತು. ಕೈಯ ಹಿಂದೆ ಒಂದು ಭಾರಿ ಮೀಸೆ, ಮೀಸೆಯ ಹಿಂದೆ ಸಾಹೇಬರ ಕಾವಲುಪಡೆಯ ಮುಖ್ಯಸ್ಥ ಬಾಬುರಾವ.

"ಹಿಂದ ಸರೀರಿ ಸರ. ಸಾಹೇಬ್ರು ಅರ್ಜೆಂಟ್ ಕೆಲಸಕ್ಕ ಹೊಂಟಾರ."

ಸಾಹೇಬರು ಹೊರಟಿದ್ದು ಎದುರಿನ ಡಬ್ಬಿ ಅಂಗಡಿಯಲ್ಲಿ ಪಾನ್ ತಿನ್ನಲು. ನಾನು ಹಿಂದೆ ಸರಿದೆ. ಆಮೇಲೆಯೂ ಹಲವು ಸಲ ಪ್ರಯತ್ನಿಸಿದೆ. ಪ್ರತಿಸಲವೂ ಅದೇ ಕೈ, ಅದೇ ಮೀಸೆ. ಬಡವನ ಸಿಟ್ಟು ದವಡೆಗೆ ಮೂಲ ಅಂತಾರೆ. ನನ್ನ ದವಡೆ ಮೊದಲೇ ಸರಿಯಿಲ್ಲದ್ದರಿಂದ ಸಿಟ್ಟನ್ನು ಪೆನ್ನಿಗೆ ಇಳಿಸಿದೆ. ಒಂದು ನಾಟಕ ಬರೆದೆ.

ಭೂಮಿಯ ಮೇಲೆ ಬರೆದರೆ ಮಾನನಷ್ಟದ ದಾವೆ, ಆಕಾಶದಲ್ಲಿ ಬರೆದರೆ ವೈಜ್ಞಾನಿಕ ಕಲ್ಪನೆ. ಹೀಗಾಗಿ ನನ್ನ ನಾಟಕ ಎರಡು ಸೂರ್ಯರಿರುವ ಒಂದು ಗ್ರಹದಲ್ಲಿ ನಡೆಯುತ್ತದೆ. ಅಲ್ಲೊಬ್ಬ ಚಕ್ರವರ್ತಿ. ಅವನ ಸುತ್ತ ವಜ್ರಕವಚ ದಳ ಎಂಬ ಪಡೆ, ಇಡೀ ನಕ್ಷತ್ರಮಂಡಲದಲ್ಲಿ ಆರಿಸಿ ತೆಗೆದ ಯೋಧರು. ಅವರಿಗೆ ನಿದ್ದೆಯಿಲ್ಲ, ಹಸಿವಿಲ್ಲ, ಕೈಯಲ್ಲಿ ಕಿರಣದ ಕೋವಿ. ಬೇರೆ ಬೇರೆ ಗ್ರಹಗಳಿಂದ ಪ್ರಜೆಗಳು ಬರುತ್ತಾರೆ. ದಳದ ನಾಯಕ ಎದೆಗೆ ಕೈ ಹಚ್ಚಿ 'ಬಂದ ಕಾರಣವೇನು?' ಎಂದು ಗುಡುಗಿ, ಉತ್ತರ ಕೇಳಿಸಿಕೊಳ್ಳದೆ ಹಿಂದಕ್ಕೆ ಕಳಿಸುತ್ತಾನೆ. ತಲೆಮಾರುಗಳಿಂದ ದಳದವರು ಚಕ್ರವರ್ತಿಗೆ ಬೆನ್ನು ಕೊಟ್ಟು ನಿಂತವರು, ತಿರುಗಿ ನೋಡಿದವರೇ ಇಲ್ಲ. ಕೊನೆಯ ದೃಶ್ಯದಲ್ಲಿ ತಿರುಗಿ ನೋಡಿದರೆ ಸಿಂಹಾಸನ ಖಾಲಿ. ಬರೆದು ಮುಗಿಸಿದಾಗ ನನಗೇ ಮೈ ಝುಂ ಎಂದಿತು. ಎರಡು ಸೂರ್ಯರ ನಡುವೆ ಗ್ರಹ ಹೇಗೆ ಸುತ್ತುತ್ತದೆಂದು ಲೆಕ್ಕ ಮಾಡಿ ಒಂದು ದೀರ್ಘ ಸ್ವಗತವನ್ನೂ ಸೇರಿಸಿದ್ದೆ. ಹುಮನಾಬಾದಿನ ಹವ್ಯಾಸಿ ನಾಟಕದವರು ಅದನ್ನು ಓದಿ, ಇದನ್ನು ಕ್ಲಾಸಿನಲ್ಲೇ ಹೇಳಿಕೊಳ್ಳಿ ಸರ ಎಂದು ಕತ್ತರಿಸಿ ಹಾಕಿದರು.

ಪಾತ್ರ ಹಂಚುವಾಗ ಒಂದು ವಿಚಿತ್ರ ನಡೆಯಿತು. ಚಕ್ರವರ್ತಿಯಾಗಲು ಯಾರೂ ಒಪ್ಪಲಿಲ್ಲ. ಎಲ್ಲರಿಗೂ ಅಂಗರಕ್ಷಕನೇ ಆಗಬೇಕು. ಕಿರಾಣಿಯವನಿಗೂ ಅದೇ, ಕರೆಂಟಿನ ಕೆಲಸದವನಿಗೂ ಅದೇ. ರಾಜನಿಗಿಂತ ರಾಜನ ಮುಂದೆ ನಿಂತವನಿಗೇ ಮಾನ ಹೆಚ್ಚೆಂದು ನಮ್ಮ ಜನಕ್ಕೆ ಅನುಭವದಿಂದ ತಿಳಿದುಬಿಟ್ಟಿದೆ, ನಾನು ಹೊಸದಾಗಿ ನಾಟಕ ಬರೆದು ತಿಳಿಸಬೇಕಾದ್ದೇನೂ ಇರಲಿಲ್ಲ. ಕೊನೆಗೆ ಚಕ್ರವರ್ತಿಯ ಪಾತ್ರವನ್ನು ಟೇಲರ್ ಇಸ್ಮಾಯಿಲಣ್ಣನ ತಲೆಗೆ ಕಟ್ಟಿದೆವು.

"ಅರೇ ಸರ, ಬಾದಶಾ ಅಂತೀರಿ, ಒಂದ್ ಮಾತಿಲ್ಲ ಕಥಿಲ್ಲ. ಸುಮ್ಮ ಕೂಡೂದೇನ್ರಿ?" ಎಂದು ಅವನು ಗೊಣಗಿದ. ಅದೇ ಬಾದಶಾನ ಕೆಲಸ ಎಂದು ಸಮಾಧಾನ ಮಾಡಿದೆ.

ಆದರೆ ಅಂಗರಕ್ಷಕರಾಗಲು ಆಸೆಪಟ್ಟವರಲ್ಲಿ ಒಬ್ಬರ ಎದೆಯೂ ಅಂಗಿಗಿಂತ ಮುಂದೆ ಬಂದಿರಲಿಲ್ಲ. ಬಂದದ್ದು ಹೊಟ್ಟೆ. ಈ ಚಿಂತೆಯಲ್ಲಿರುವಾಗಲೇ ಒಂದು ಸಂಜೆ ತಾಲೀಮಿನ ಕೋಣೆಯ ಬಾಗಿಲು ಕತ್ತಲಾಯಿತು. ನೋಡಿದರೆ ಬಾಬುರಾವ, ಹಿಂದೆ ಅವನ ಪೂರ್ತಿ ಪಡೆ. ನನ್ನ ಕೈ ತಾನಾಗಿ ಎದೆಗೆ ಹೋಯಿತು. ಗುಟ್ಟು ರಟ್ಟಾಗಿ ನನ್ನನ್ನು ಬಡಿಯಲು ಬಂದಿದ್ದಾರೆ ಎಂದುಕೊಂಡೆ. ಕೊನೆಗೂ ವೈರಿಗಳು ಸಿಕ್ಕರೆಂದು ಒಂದು ಕ್ಷಣ ಹೆಮ್ಮೆಯೂ ಆಯಿತೆನ್ನಿ. ಅವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಹೊಸ ಅಳಿಯನ ಹಾಗೆ ನಾಚಿಕೊಂಡು ಕೇಳಿದ:

"ಸರ, ಅಂಗರಕ್ಷಕರ ನಾಟಕ ಅಂತಲ್ರಿ. ನಮಗೊಂದು ಚಾನ್ಸ್ ಕೊಡ್ರಿ."

ಕೊಟ್ಟೆ. ಕೊಡದೆ ಇರಲು ನನಗೆ ಧೈರ್ಯವಿತ್ತೆ? ಸಾಹೇಬರ ಇಡೀ ಕಾವಲುಪಡೆ ವಜ್ರಕವಚ ದಳವಾಯಿತು. ಬಾಬುರಾವ ನಾಯಕ. ಅವನಿಗೆ ಕಲಿಸಬೇಕಾದ್ದು ಏನೂ ಇರಲಿಲ್ಲ. ಹಾಗೆ ನೋಡಿದರೆ ಪಾತ್ರವನ್ನು ನಾನು ಬರೆದದ್ದೇ ಅವನನ್ನು ನೋಡಿ. ತೊಡಕು ಬಂದದ್ದು ವೇಷದಲ್ಲಿ. ಮೋಟರ್‌ಸೈಕಲ್ ಹೆಲ್ಮೆಟ್ಟಿಗೆ ಹೋಟೆಲಿನವರು ರೊಟ್ಟಿ ಸುತ್ತಿಕೊಡುವ ಬೆಳ್ಳಿಹಾಳೆ ಅಂಟಿಸಿ ಶಿರಸ್ತ್ರಾಣ ಮಾಡಿದ್ದೆವು. ಅದನ್ನು ಹಾಕಿ ಮುಂದಿನ ಮುಚ್ಚಳ ಇಳಿಸಿದರೆ ಮೀಸೆ ಕಾಣುತ್ತಿರಲಿಲ್ಲ. ಬಾಬುರಾವ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. ಮೀಸೆ ಕಾಣದಿದ್ದರೆ ತಾನು ಯಾರೆಂದು ಮಂದಿಗೆ ಹೇಗೆ ತಿಳಿಯಬೇಕು ಎಂಬುದು ಅವನ ವಾದ. ಅಂತರಿಕ್ಷದಲ್ಲಿ ಮೀಸೆ ಇರುತ್ತದೋ ಇಲ್ಲವೋ ಎಂದು ವಿಜ್ಞಾನದ ಮಾಸ್ತರನಾದ ನನ್ನನ್ನೇ ತೀರ್ಪು ಕೇಳಿದರು. ಇರುತ್ತದೆ ಎಂದೆ. ಇಸ್ಮಾಯಿಲಣ್ಣ ಕತ್ತರಿ ತಂದು ಬೆಳ್ಳಿಹಾಳೆಯನ್ನು ಕೆಳಗಿನಿಂದ ಕತ್ತರಿಸಿದ. ಈಗ ಮೀಸೆ ನಿಚ್ಚಳವಾಗಿ ಕಾಣುತ್ತಿತ್ತು, ಕಣ್ಣಿನ ಮುಂದೆ ಹಾಳೆ ಉಳಿದದ್ದರಿಂದ ಬಾಬುರಾವನಿಗೆ ಮಾತ್ರ ನೇರಕ್ಕೆ ಏನೂ ಕಾಣುತ್ತಿರಲಿಲ್ಲ. ಎದುರಿಗೆ ಬಂದವನ ಪಾದವಷ್ಟೇ ಕಾಣುತ್ತದೆ ಸರ, ಸಾಕು, ತಡೆಯಲು ಮುಖ ನೋಡಬೇಕಾಗಿಲ್ಲ ಎಂದ.

ಒಂದು ದಿನ ತಾಲೀಮಿಗೆ ಅವನ ಊಟದ ಡಬ್ಬಿ ತಂದವಳು ಶ್ರೀದೇವಿ.

"ಸರ, ಇವ್ರು ನಮ್ಮ ಅಪ್ಪಾರು," ಎಂದಳು.

ದೀಪದ ಬುಡಕ್ಕೇ ಕತ್ತಲೆ ಎನ್ನುವುದನ್ನು ಕೇಳಿದ್ದೆ, ಆ ಕತ್ತಲೆಗೆ ಇಷ್ಟು ದಪ್ಪ ಮೀಸೆ ಇರುತ್ತದೆಂದು ತಿಳಿದಿರಲಿಲ್ಲ. ಯಾರ ಮಗಳ ಬಸ್ಸಿಗಾಗಿ ನಾನು ಬಜಾರದಲ್ಲಿ ಮಾನ ಕಳೆದುಕೊಂಡೆನೋ ಅವನೇ ನನ್ನನ್ನು ತಳ್ಳಿದವನು. ಅವಳು ಹೋದ ಮೇಲೆ ತಡೆಯಲಾರದೆ ಬೈದೆ. ಸಾಹೇಬರ ಕಿವಿಯಿಂದ ಗೇಣು ದೂರದಲ್ಲಿ ಇಡೀ ದಿನ ನಿಲ್ಲುತ್ತೀಯಲ್ಲ, ಒಂದು ಮಾತು ಹೇಳಲು ನಿನಗೇನು ಧಾಡಿ ಎಂದು ಕೇಳಿದೆ. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ನಾ ಹ್ಯಾಂಗ ಕೇಳ್ಲಿರಿ ಸರ? ಕೇಳಾಕ ಬಂದವ್ರನ್ನ ಸರಸೂದೇ ನನ್ನ ಕೆಲಸ ಅದ. ನಾನೇ ಕೇಳಿದ್ರ ನನ್ನ ಯಾರು ಸರಸಬೇಕು?"

ಬೈದದ್ದಕ್ಕೆ ಬೇಸರವಾಯಿತು. ಅವನ ಡಬ್ಬಿಯಿಂದ ಪುಂಡಿಪಲ್ಲೆ ಹಾಕಿಸಿಕೊಂಡು ತಿಂದೆ.

ದೀಪಾವಳಿಗೆ ಇನ್ನೇನು ವಾರವಿರುವಾಗ ನಾಟಕ. ಮುಖ್ಯ ಅತಿಥಿ ಸಾಹೇಬರೇ. ನಮ್ಮ ಕಡೆಯ ಒಂದು ಪದ್ಧತಿ ನಿಮಗೆ ಗೊತ್ತಿರಬೇಕು. ನಾಟಕ ಎಷ್ಟೇ ಬಿಗಿಯಾಗಿ ನಡೆದಿರಲಿ, ಅತಿಥಿ ಬಂದ ಗಳಿಗೆಗೆ ಅದು ನಿಲ್ಲಬೇಕು, ರಂಗದ ಮೇಲೆ ಸತ್ಕಾರ ಆಗಬೇಕು. ಅತಿಥಿ ಮುಖ್ಯ ಪಾತ್ರಧಾರಿಗೆ ಹಾರ ಹಾಕುತ್ತಾರೆ, ಪಾತ್ರಧಾರಿ ಅತಿಥಿಯ ಕಾಲು ಮುಟ್ಟುತ್ತಾನೆ, ಫೋಟೋ ಹೊಡೆಯುತ್ತಾರೆ, ಕತೆ ಮುಂದುವರಿಯುತ್ತದೆ. ಎದೆಗೆ ಬಾಣ ತಾಗಿ ಸತ್ತವನೊಬ್ಬ ಎದ್ದು ಶಾಲು ಹೊದಿಸಿಕೊಂಡು, ಫೋಟೋ ಮುಗಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಸತ್ತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಸಾಹೇಬರು ಬಂದಾಗ ನಾಟಕ ಅರ್ಧಕ್ಕೆ ಬಂದಿತ್ತು. ಬಂದ ಕೂಡಲೇ ಒಂದು ಕೊರತೆ ಎದ್ದು ಕಂಡಿತು. ಅವರ ಸುತ್ತ ಯಾರೂ ಇರಲಿಲ್ಲ. ಇರಬೇಕಾದವರೆಲ್ಲ ರಂಗದ ಮೇಲೆ ಕಿರಣದ ಕೋವಿಯೆಂದು ಟಾರ್ಚು ಹಿಡಿದು ಒಬ್ಬ ಟೇಲರನನ್ನು ಕಾಯುತ್ತಿದ್ದರು. ಕೈಯಲ್ಲಿ ಹಾರ ಹಿಡಿದು ಸಾಹೇಬರು ಮಂದಿಯ ನಡುವೆ ದಾರಿ ಮಾಡಿಕೊಳ್ಳುತ್ತ ಬಂದರು. ದಾರಿ ಬಿಡಿಸುವವರಿಲ್ಲದ್ದರಿಂದ ಯಾರೋ ಅವರ ಕಾಲು ತುಳಿದರು, ಯಾರೋ ಕುಂತ್ಕೊಳ್ರಿ ಹಿಂದ ಕಾಣಾಂಗಿಲ್ಲ ಎಂದು ಕೂಗಿದರು. ಅಂತೂ ಮೆಟ್ಟಿಲೇರಿ ರಂಗಕ್ಕೆ ಬಂದು ಸಿಂಹಾಸನದ ಕಡೆ ಹೆಜ್ಜೆಯಿಟ್ಟರು.

ಬಾಬುರಾವನಿಗೆ ಕಂಡದ್ದು ಎರಡು ಪಾದ. ತಾಲೀಮಿನಲ್ಲಿ ಹೇಳಿಕೊಟ್ಟಂತೆ, ತಾಲೀಮಿಗಿಂತ ಮೊದಲೇ ಬಜಾರದಲ್ಲಿ ರೂಢಿಯಾದಂತೆ, ಮೊರದಷ್ಟು ಅಗಲದ ಆ ಅಂಗೈ ಮುಂದೆ ಬಂದು ಸಾಹೇಬರ ಎದೆಯ ಮೇಲೆ ಕೂತಿತು.

"ಬಂದ ಕಾರಣವೇನು?"

ಮೇಲೆ ತೂಗುಬಿಟ್ಟ ಮೈಕು ಅದನ್ನು ಇಡೀ ಬಜಾರಕ್ಕೆ ಮುಟ್ಟಿಸಿತು. ಮಂದಿ ಮೊದಲು ನಕ್ಕರು. ಆಮೇಲೆ ಯಾರ ಎದೆಯ ಮೇಲೆ ಯಾರ ಕೈ ಇದೆಯೆಂಬುದು ತಿಳಿದು ನಗು ಅಲ್ಲಲ್ಲೇ ನಿಂತಿತು. ನಾನು ರಂಗದ ಪಕ್ಕದಲ್ಲಿ ನಿಂತಿದ್ದೆ. ಪರದೆ ಎಳೀಲೇನ್ರಿ ಎಂದು ಹಗ್ಗ ಹಿಡಿದವನು ಕೇಳುತ್ತಿದ್ದ. ಬೇಡವೆಂದು ತಲೆಯಾಡಿಸಿದೆ. ಯಾಕೆಂದು ನನಗೂ ಗೊತ್ತಿಲ್ಲ. ಸಾಹೇಬರು ಇನ್ನೊಂದು ಗಳಿಗೆ ಹಾಗೇ ನಿಂತಿರಲಿ ಅನ್ನಿಸಿತು, ಅಷ್ಟೆ.

ಕೈಗೆ ಹೂವಿನ ಹಾರ ತಾಗಿತೆಂದು ಕಾಣುತ್ತದೆ. ಬಾಬುರಾವ ಇನ್ನೊಂದು ಕೈಯಿಂದ ಹೆಲ್ಮೆಟ್ಟಿನ ಮುಚ್ಚಳ ಎತ್ತಿದ. ಎದುರಿಗೆ ಧಣಿಯ ಮುಖ. ಅವನು ಕಾಲಿಗೆ ಬೀಳುತ್ತಾನೆ ಎಂದು ನಾನು ಕಾದೆ. ಅವನು ಬೀಳಲಿಲ್ಲ. ಕೈ ಕೂಡ ತೆಗೆಯಲಿಲ್ಲ. ಅದು ಅಲ್ಲಿದೆಯೆಂಬುದೇ ಮರೆತಂತಿತ್ತು. ನಾಟಕದ ದನಿ ಬಿಟ್ಟು, ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ:

"ಸಾಹೇಬ್ರ, ನಮ್ಮ ಕ್ರಾಸಿಗಿ ಬಸ್ ನಿಂದ್ರಾಂಗಿಲ್ಲರಿ. ಹುಡುಗ್ಯಾರು ಲಾರಿ ನಡಕ ನಡದ ಬರಾಕತ್ತಾರ. ನನ್ನ ಮಗಳು ಸಾಲಿ ಬಿಡತಾಳರಿ. ಭಾಳ ಶಾಣ್ಯಾ ಇದ್ದಾಳ. ಒಂದು ಬಸ್ ನಿಂದ್ರಸ್ರಿ."

ವಜ್ರಕವಚ ದಳದ ಉಳಿದ ಯೋಧರು ಎಡಕ್ಕೂ ಬಲಕ್ಕೂ ನೋಡುತ್ತಿದ್ದರು. ಸರಿಸಬೇಕಾದ್ದು ಯಾರನ್ನು, ಕಾಯಬೇಕಾದ್ದು ಯಾರನ್ನು ಎಂಬುದು ಅವರಿಗೆ ಬಗೆಹರಿಯಲಿಲ್ಲ.

ಸಾಹೇಬರು ಸುಮ್ಮನೆ ಸಾಹೇಬರಾದವರಲ್ಲ. ಮುಖದ ಮೇಲೆ ಏನೇನೋ ಬಂದು ಹೋಗಿ ಕೊನೆಗೆ ನಗು ನಿಂತಿತು. ಹಾರವನ್ನು ಬಾಬುರಾವನ ಕೊರಳಿಗೇ ಹಾಕಿ, ಮೈಕಿನ ಕಡೆ ಮುಖ ಎತ್ತಿ, "ನಮ್ಮ ಬಾಬುರಾವ ಭಾಳ ಚೆಂದ ಪಾರ್ಟ್ ಮಾಡ್ಯಾನ. ಬಸ್ ನಿಂದರ್ತದ, ಇದು ನನ್ನ ಮಾತು," ಎಂದರು. ಚಪ್ಪಾಳೆ ಬಿದ್ದವು ನೋಡಿ, ಕಟ್ಟಿದ ಪರದೆ ಅಲುಗಾಡಿತು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ನನ್ನ ಕೊನೆಯ ದೃಶ್ಯ ಮಾತ್ರ ಆಗಲೇ ಇಲ್ಲ. ಗದ್ದಲ ಇಳಿದ ಮೇಲೆ ಎಲ್ಲರೂ ಹಿಂದೆ ನೋಡಿದರೆ ಸಿಂಹಾಸನ ಖಾಲಿ. ಇಸ್ಮಾಯಿಲಣ್ಣ ಕಿರೀಟ ಕಳಚಿಟ್ಟು ಚಹಾ ಕುಡಿಯಲು ಹೋಗಿದ್ದ.

ಬಸ್ಸು ನಿಂತಿತು. ಇಡೀ ಬಜಾರದ ಮುಂದೆ ಕೊಟ್ಟ ಮಾತು, ನಿಲ್ಲಲೇಬೇಕಾಯಿತು. ಮೊದಲ ದಿನ ಬಸ್ಸಿಗೆ ಬಾಳೆಕಂಬ ಕಟ್ಟಿ ಸಾಹೇಬರೇ ಬಂದು ಹಸಿರು ಬಾವುಟ ಬೀಸಿದರು. ಕ್ರಾಸಿನಲ್ಲಿ ಅವರ ಚಿತ್ರದ ಬ್ಯಾನರು ಎದ್ದಿತು, 'ಬಸ್ ಭಗೀರಥ' ಎಂದು. ಆಕಾಶದಿಂದ ಗಂಗೆ ತರುವುದೂ ಹೆದ್ದಾರಿಯ ಮೇಲೆ ಬ್ರೇಕು ಒತ್ತಿಸುವುದೂ ನಮ್ಮ ಕಡೆ ಒಂದೇ ಸಮ ಕಷ್ಟದ ಕೆಲಸವೆಂದು ಇದರಿಂದ ತಿಳಿಯಬಹುದು. ಆ ದಿನ ಸಾಹೇಬರ ಸುತ್ತ ನಿಂತವರಲ್ಲಿ ಬಾಬುರಾವ ಇರಲಿಲ್ಲ. ಯಾರೂ ಅವನಿಗೆ ಕೆಲಸ ಬಿಡು ಎಂದು ಹೇಳಲಿಲ್ಲ. ನಾಟಕದ ಮರುದಿನ ಅವನು ಸಫಾರಿ ಹಾಕಿಕೊಂಡು ಕ್ರಾಸಿನಲ್ಲಿ ನಿಂತಿದ್ದನಂತೆ. ಸಾಹೇಬರ ಜೀಪು ಅವನನ್ನು ಹತ್ತಿಸಿಕೊಳ್ಳಲು ನಿಲ್ಲದೆ ಹೋಯಿತು.

ನನಗೆ ಸಂಕಟವಾಗಿ ಅವನ ಊರಿಗೆ ಹೋದೆ. ತೊಗರಿ ಹೊಲದ ಬದುವಿನಲ್ಲಿ ಕೂತಿದ್ದ. ನನ್ನ ನಾಟಕದಿಂದ ನಿನ್ನ ಕೆಲಸ ಹೋಯಿತಲ್ಲಪ್ಪ ಎಂದೆ. ಅವನು ಮೀಸೆಯ ತುದಿ ತಿರುವಿದ.

"ಇಷ್ಟ ವರ್ಷ ಅವ್ರಿಗಿ ಬೆನ್ನ ಕೊಟ್ಟ ನಿಂತಿದ್ನಿರಿ ಸರ. ಮಂದಿ ಮುಖ ನೋಡಿ ನೋಡಿ, ಮಂದಿ ಅಷ್ಟೇ ಅಂಜ್ತಾರ ಅಂದ್ಕೊಂಡಿದ್ದೆ. ಅವತ್ತ ಮೊದಲ ಸಲ ಅವ್ರ ಮುಖ ಎದುರಿಗಿ ಕಂಡ್ತು. ಅವ್ರೂ ಅಂಜಿದ್ರರಿ."

ಹೀಗೆ ಹೇಳಿ ಅವನು ನಕ್ಕ. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. ಕೆಲಸ ಹೋದ ದುಃಖ ಇತ್ತು, ಅದನ್ನು ನಾನು ಇಲ್ಲವೆನ್ನಲಾರೆ.

ಶ್ರೀದೇವಿ ಈಗ ಮೊದಲ ಪಿರಿಯಡ್ಡಿಗೇ ಇರುತ್ತಾಳೆ, ಯಾಕೆಂದು ಕೇಳಿ ನನ್ನನ್ನು ಪೇಚಿಗೆ ಸಿಕ್ಕಿಸುತ್ತಾಳೆ. ಮೊನ್ನೆ ಬಸ್ಸು ಹೇಗಿದೆಯಮ್ಮ ಎಂದು ವಿಚಾರಿಸಿದೆ. ಬಸ್ಸು ತುಂಬಿರುತ್ತದಂತೆ. ಆದರೆ ಅವತ್ತು ಅವಳು ಹತ್ತಿದ ಕೂಡಲೇ ಕಂಡಕ್ಟರ್ ಎದ್ದು ನಿಂತು, ಸಾಹೇಬರನ್ನೇ ತಡೆದ ಬಾಬುರಾವನ ಮಗಳು ಬಂದಳು, ಸರೀರಿ ಸರೀರಿ ಎಂದು ಮಂದಿಯನ್ನು ತಳ್ಳಿ, ಒಬ್ಬ ಮುದುಕಿಯನ್ನು ಎಬ್ಬಿಸಿ ಇವಳಿಗೆ ಸೀಟು ಮಾಡಿಕೊಟ್ಟನಂತೆ. ಮತ್ತೆ ನೀನು ಏನು ಮಾಡಿದೆ ಎಂದೆ.

"ಆ ಮುದುಕಿ ಆಯಿನ್ನೇ ತಿರುಗಿ ಕೂಡ್ಸಿ, ನಾ ಮಂದ್ಯಾಗ ನಿಂತ ಬಂದೆರಿ ಸರ."